ಹತ್ತಡಿ ಖೋಲಿಗೆ ಹತ್ತಾರು ಕೆಲಸ

ಮಗನ ಮದುವೆ ಗೊತ್ತಾದರೆ ಬಾದಾಮಿ ಸೀಮೆಯ ಬೇರೆ ಊರುಗಳಲ್ಲಿ ಮೊದಲು ಕರೆ ಹೋಗುವುದು ಗೌಂಡಿಗೆ. ಹಿತ್ತಲಲ್ಲಿ ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಪತ್ರಾಸು ಹೊದಿಸಿ, ಬೀಗರು ಬಂದರೆ ಇಳಿಯಲಿಕ್ಕೆಂದು ಒಂದು ಖೋಲಿ ಮಾಡಿಸಿಬಿಡುತ್ತಾರೆ. ಪಟ್ಟದಕಲ್ಲಿನಲ್ಲಿ ಗೌಂಡಿಗಿಂತ ಮೊದಲು ಅಳತೆಯ ಟೇಪು ಬರುತ್ತದೆ. ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ಗುಡಿಗಳಿರುವ ಆವರಣ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 1987ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ನಿಷಿದ್ಧ ವಲಯದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಹೊಸ ಖೋಲಿ ಮಾತ್ರ ಆಗದು. ಊರೋ, ಗುಡಿಗಳ ಬೇಲಿಗೆ ಅಂಟಿಕೊಂಡೇ ಬೆಳೆದದ್ದು.

ಊರನ್ನೇ ಎಬ್ಬಿಸಿ ಬೇರೆ ಕಡೆ ಕೂರಿಸುವ ಮಾತು ಪಟ್ಟದಕಲ್ಲು, ಐಹೊಳೆ ಎರಡರಲ್ಲೂ ಹಳೆಯದು. ಅದು ಆಗುವವರೆಗೆ ನೆಂಟರು ಬರುವುದನ್ನು ನಿಲ್ಲಿಸುವುದಿಲ್ಲವಲ್ಲ. ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿತೆಂದರೆ ಸುತ್ತಲಿನ ಊರುಗಳ ಮನೆಮನೆಯಲ್ಲಿ ಜನ. ತೇರು ಒಂದು ದಿನದ್ದಾದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆಯುತ್ತವೆ; ಎರಡನೆಯ ಆಟ ಮುಗಿಸಿಕೊಂಡು ಬರುವವರು ಕೋಳಿ ಕೂಗುವ ಹೊತ್ತಿಗೆ ಕದ ತಟ್ಟುತ್ತಾರೆ. ಊರಿನದೇ ವಿರೂಪಾಕ್ಷನ ತೇರು ಬೇರೆ. ಚೊಚ್ಚಲು ಬಸುರಿ ಮಗಳು ತವರಿಗೆ ಬರುತ್ತಾಳೆ, ಬಂದರೆ ತಿಂಗಳುಗಟ್ಟಲೆ. ಪರೀಕ್ಷೆಗೆ ಓದುವ ತಂಗಿಯ ಮಗನಿಗೆ ಒಂದು ಮೂಲೆ ಬೇಕು. ಇವರೆಲ್ಲರ ನಡುವೆ ಹೆಗಲಿಗೆ ಚೀಲ ಹಾಕಿಕೊಂಡ ಯಾರೋ ಪ್ರವಾಸಿ, ಬಾದಾಮಿಗೆ ಹೋಗುವ ಕಡೆಯ ಬಸ್ಸು ತಪ್ಪಿಸಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾನೆ.

ಕಟ್ಟಲಾಗದವರು ಇರುವುದನ್ನೇ ಜೋಡಿಸಿಕೊಳ್ಳಬೇಕು. ಈ ಜೋಡಣೆಯಲ್ಲಿ ನಾನು ಗಟ್ಟಿಯಾಗಿ ಹಿಡಿಯುವ ನಿಯಮ ಒಂದೇ: ಸಣ್ಣ ಖೋಲಿಯಲ್ಲಿ ಕದಲದ ಸಾಮಾನು ಒಂದಕ್ಕಿಂತ ಹೆಚ್ಚು ಇರಬಾರದು. ಆ ಒಂದು ಯಾವುದೆಂದು ಮನೆಯವರು ಮೊದಲು ತೀರ್ಮಾನಿಸಬೇಕು. ಉಳಿದದ್ದೆಲ್ಲ ಒಬ್ಬರು ಎತ್ತಿ ಸರಿಸುವಂತಿರಬೇಕು, ಮಡಿಚುವಂತಿರಬೇಕು, ಇಲ್ಲವೆ ಗೋಡೆ ಹತ್ತಿ ಕೂರಬೇಕು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ವಿಸ್ತೀರ್ಣ 9.5 ಚದರ ಮೀಟರ್. ಹೆಚ್ಚುಕಡಿಮೆ ನಮ್ಮ ಹತ್ತಡಿಗೆ ಹತ್ತಡಿ ಖೋಲಿ, ಅಂದರೆ ನೂರು ಚದರಡಿ. ಮದುವೆಯಲ್ಲಿ ಬರುವ ಜೋಡಿ ಮಂಚ ಐದಡಿ ಅಗಲ, ಆರೂಕಾಲಡಿ ಉದ್ದ. ಅದಕ್ಕೇ 31 ಚದರಡಿ ಹೋಯಿತು. ಸ್ಟೀಲ್ ಕಪಾಟಿಗೆ ಸುಮಾರು ಐದು. ಮೂರಡಿಯ ಒಂಟಿ ಕದ ಒಳಗೆ ತೆರೆದುಕೊಳ್ಳುವ ಕಾಲುವೃತ್ತಕ್ಕೆ ಏಳು. ಮಂಚದ ಎರಡೂ ಬದಿ ಕಾಲಾಡಿಸಲು ಎರಡೆರಡು ಅಡಿ ಬಿಟ್ಟರೆ ಹತ್ತಡಿ ಅಗಲದಲ್ಲಿ ಉಳಿಯುವುದು ಒಂದೇ ಅಡಿ. ಇಷ್ಟಾಗಿ ಮಲಗುವವರು ಇಬ್ಬರು. ಹಗಲೆಲ್ಲ ಆ ಮಂಚದ ಮೇಲೆ ಒಗೆದ ಬಟ್ಟೆ, ಹಪ್ಪಳದ ಡಬ್ಬಿ, ಮಕ್ಕಳ ಪುಸ್ತಕದ ಚೀಲ. ನೆಂಟರು ಬಂದಾಗ ಅದನ್ನೆಲ್ಲ ಬಾಚಿ ಎಲ್ಲಿಡುವುದೆಂದು ತಿಳಿಯದೆ ಮಂಚದ ಕೆಳಗೆ ನೂಕುತ್ತಾರೆ. ಅದೇ ಖೋಲಿಯಲ್ಲಿ ಮೂರಡಿ ಅಗಲದ ಗಾದಿ ಹಾಸಿದರೆ ಮೂವರು ಆರಾಮವಾಗಿ, ಬನಶಂಕರಿ ಜಾತ್ರೆಯ ರಾತ್ರಿ ನಾಲ್ವರು ಮಗ್ಗುಲಿಗೆ ಮಗ್ಗುಲು ಮಲಗುತ್ತಾರೆ. ಬೆಳಗಾದರೆ ನೆಲವೆಲ್ಲ ಖಾಲಿ.

ನಮ್ಮ ಹಳೆಯ ಪಡಸಾಲೆ ನಡೆದದ್ದೇ ಹೀಗೆ. ಬೆಳಿಗ್ಗೆ ಜೋಳ ಹಸನು ಮಾಡುವ ಜಾಗ, ಮಧ್ಯಾಹ್ನ ಉಣ್ಣುವವರ ಸಾಲು, ಸಂಜೆ ಹಿರಿಯರ ಪಂಚಾಯಿತಿ, ರಾತ್ರಿ ಹಾಸಿಗೆ. ತಲಬಾಗಿಲು ದಾಟಿದ ಕೂಡಲೆ ತಗ್ಗಿನಲ್ಲಿ ದನ, ಒಂದು ಮೆಟ್ಟಿಲು ಎತ್ತರದಲ್ಲಿ ಜನ. ಮನೆಯನ್ನು ಅಳೆಯುತ್ತಿದ್ದುದು ಕೋಣೆಯಿಂದಲ್ಲ, ಕಂಬದ ನಡುವಿನ ಅಂಕಣದಿಂದ. ಇಷ್ಟು ಅಂಕಣದ ಮನೆ ಎಂದರೆ ಎಷ್ಟು ಜನ ಮಲಗಬಹುದೆಂದು ಕೇಳಿದವನಿಗೆ ಅಂದಾಜು ಸಿಗುತ್ತಿತ್ತು. ಜಪಾನಿನಲ್ಲಿ ಚಾಪೆಯ ಲೆಕ್ಕ. ಸುಮಾರು ಮೂರಡಿ ಅಗಲ, ಆರಡಿ ಉದ್ದದ ಆರು ತಾತಾಮಿ ಚಾಪೆಯ ಕೋಣೆ ಎಂದರೆ ನಮ್ಮ ಹತ್ತಡಿ ಖೋಲಿಯಷ್ಟೇ. ರಾತ್ರಿ ಹಾಸಿದ ಗಾದಿ ಬೆಳಿಗ್ಗೆ ಗೋಡೆಯೊಳಗಿನ ಕಪಾಟು ಸೇರುತ್ತದೆ. ನೆಲದ ಮೇಲೆ ಬದುಕಿದವರಿಗೆಲ್ಲ ಇದು ತಾನಾಗಿ ಹೊಳೆದ ಉಪಾಯ. ಕಲ್ಲಿನ ಕಂಬಸಾಲೆಯೂ ಮನೆಯಾಗಬಲ್ಲುದು ಎನ್ನಲು ನಮ್ಮ ಪಕ್ಕದಲ್ಲೇ ಸಾಕ್ಷಿಯಿದೆ: ಐಹೊಳೆಯ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಒಳಗೆ ಸಂಸಾರ ಹೂಡಿದ್ದ ಒಬ್ಬ ಮನುಷ್ಯನಿಂದ. ಮುಖಮಂಟಪದ ಅಂಚಿಗೆ ಒರಗಿ ಕೂರಲು ಚಾಲುಕ್ಯರ ಕಲ್ಲುಕುಟಿಗರು ಮಾಡಿಟ್ಟ ಕಕ್ಷಾಸನವನ್ನು ನೋಡಿ. ಕುರ್ಚಿಯೊಂದೂ ಇಲ್ಲದೆ ಹತ್ತಾರು ಜನ ಕೂರುತ್ತಾರೆ, ನಡುವಿನ ನೆಲ ಯಾರಿಗೂ ಅಡ್ಡವಿಲ್ಲ. ಖೋಲಿಯ ಒಂದು ಗೋಡೆಗುಂಟ ಒಂದೂವರೆ ಅಡಿ ಅಗಲದ ಕಟ್ಟೆ ಕಟ್ಟಿ ಮೇಲೆ ಪರ್ಸಿ ಹಾಸಿದರೆ ಸೋಫಾಸೆಟ್ಟಿನ ಮಾತೇ ಬೇಡ. ಕದಲದ ಆ ಒಂದು ಸಾಮಾನು ಯಾವುದೆಂದು ನನ್ನನ್ನು ಕೇಳಿದರೆ ಈ ಕಟ್ಟೆಯನ್ನೇ ತೋರಿಸುತ್ತೇನೆ. ಹಗಲು ಕೂರಲಿಕ್ಕೆ, ಓದುವ ಹುಡುಗನಿಗೆ ಪುಸ್ತಕ ಹರವಲಿಕ್ಕೆ, ರಾತ್ರಿ ನೆಂಟರ ಪೆಟ್ಟಿಗೆ ಇಡಲಿಕ್ಕೆ.

ಆದರೂ ನೆಲದ ಹಾಸಿಗೆಯನ್ನು ಕಣ್ಣುಮುಚ್ಚಿ ಹೊಗಳುವುದು ನನ್ನಿಂದಾಗದು. ಮಂಡಿನೋವಿನ ಅತ್ತೆಯನ್ನೋ ಮಾವನನ್ನೋ ನೆಲದ ಮೇಲೆ ಮಲಗಿಸಿ ನಡುರಾತ್ರಿ ಬಚ್ಚಲಿಗೆ ಏಳಿಸಿ ನೋಡಿ, ಸಂಪ್ರದಾಯದ ಮೇಲಿನ ಪ್ರೀತಿ ಇಳಿಯುತ್ತದೆ. ವಯಸ್ಸಾದವರಿಗೆ ಮೊಣಕಾಲೆತ್ತರದ, ಅಂದರೆ ಒಂದೂವರೆ ಅಡಿ ಆಜುಬಾಜಿನ ಆಸರೆ ಬೇಕೇ ಬೇಕು. ಇಲ್ಲಿ ನೆರವಿಗೆ ಬರುವುದು ಹೊರಸು.

ಹೊರಸನ್ನು ಬಡವರ ಮಂಚ ಎಂದು ತಳ್ಳಿದ್ದು ಈಚಿನ ಐಶ್ವರ್ಯ. ನಾಲ್ಕು ಕಾಲು, ನಾಲ್ಕು ಗಳ, ನಡುವೆ ಪುಂಡಿನಾರಿನ ಹಗ್ಗ ಅಥವಾ ನವಾರ ಪಟ್ಟಿ. ಒಬ್ಬ ಹೆಣ್ಣುಮಗಳು ಒಂದೇ ಕೈಯಲ್ಲಿ ಎತ್ತಿ ಗೋಡೆಗೆ ನಿಲ್ಲಿಸಬಹುದು. ನಿಂತಾಗ ಅದು ಗೋಡೆಯಿಂದ ತಿನ್ನುವ ನೆಲ ಕಾಲಿನ ಎತ್ತರದಷ್ಟೇ, ಒಂದೂವರೆ ಅಡಿ. ಬೇಸಿಗೆಯಲ್ಲಿ ಮಾಳಿಗೆ ಹತ್ತುತ್ತದೆ, ಮಳೆ ಬಂದರೆ ಇಳಿಯುತ್ತದೆ. ಹಗ್ಗ ಜೋಲಿದರೆ ಕಾಲ್ದೆಸೆಯ ಬಿಗಿಹಗ್ಗವನ್ನು ಎಳೆದು ಕಟ್ಟಿದರಾಯಿತು, ಬಡಗಿ ಬೇಡ. ಇದರ ಜಾಣತನ ಪೂರ್ತಿ ತಿಳಿಯುವುದು ಬಾಣಂತಿ ಖೋಲಿಯಲ್ಲಿ. ಎರೆದುಕೊಂಡು ಬಂದ ತಾಯಿಯನ್ನೂ ಕೂಸನ್ನೂ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ತಟ್ಟೆ ಇಡುತ್ತಾರೆ; ಹೆಣಿಗೆಯ ಸಂದಿನಿಂದ ಕಾವು ಮೇಲೇರುತ್ತದೆ. ಪ್ಲೈವುಡ್ ಹಲಗೆಯ ದಿವಾನದಲ್ಲಿ ಈ ಕೆಲಸ ಆಗದು. ಇದನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಕಿಟಕಿ, ಕದ ಎಲ್ಲ ಬಿಗಿದು ಕೆಂಡ ಇಟ್ಟರೆ ಕೋಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಕೂಸಿಗೆ ಅದು ಪ್ರಾಣಾಂತಿಕ. ಹಳೆಯ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಚಾವಣಿಗೆ ಆ ಕಿಂಡಿ ಇಲ್ಲ. ಅಂಥ ಖೋಲಿಯಲ್ಲಿ ಕೆಂಡವನ್ನು ಬಿಟ್ಟುಬಿಡುವುದೇ ಸರಿ. ಬೆಚ್ಚನೆಯ ಹೊದಿಕೆ ಸಾಕು.

ಹಾಸಿಗೆಯ ಮಾತು ಬಂದರೆ ಈ ಸೀಮೆಗೆ ಪೇಟೆಯ ಹಂಗೇ ಇಲ್ಲ. ಸವೆದ ಇಳಕಲ್ ಸೀರೆ, ಹಳೆಯ ಧೋತರ, ಹರಿದ ಕುಪ್ಪಸದ ಖಣ ಎಲ್ಲ ಕೂಡಿ ಕೌದಿಯಾಗುತ್ತವೆ. ಪದರದ ಮೇಲೆ ಪದರ ಇಟ್ಟು ಸಾಲುಹೊಲಿಗೆ ಹಾಕಿದ ಕೌದಿ ಹಾಸಲಿಕ್ಕೂ ಆದೀತು, ಹೊದೆಯಲಿಕ್ಕೂ ಆದೀತು, ಮಡಿಚಿಟ್ಟರೆ ಕೂರುವ ಮೆತ್ತೆ. ಕೆಳಗೆ ನವಲಗುಂದದ ಜಮಖಾನೆ ಇದ್ದರಂತೂ ಖೋಲಿಗೆ ಬೇರೆ ಅಲಂಕಾರ ಬೇಡ. ಕೌದಿಯ ತೊಂದರೆ ಅದರ ಭಾರ. ನೆನೆದರೆ ಇಬ್ಬರು ಹಿಂಡಬೇಕು, ಒಣಗಲು ಒಳ್ಳೆಯ ಬಿಸಿಲು ಬೇಕು. ಅದಕ್ಕೇ ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹೊಳೆಗೆ ಹೋಗಿ ಬರುತ್ತದೆ. ನೆಂಟರಿಗೆ ಕೊಡುವ ಕೌದಿಗೆ ತೆಳು ಹತ್ತಿಯ ಗವಸು ಹೊಲಿಸಿಟ್ಟರೆ ಪ್ರತಿ ಸಲ ಗವಸು ಮಾತ್ರ ಒಗೆದರೆ ಸಾಕು. ಪಾಲಿಯೆಸ್ಟರ್ ರಜಾಯಿ ಹಗುರ, ಬೇಗ ಒಣಗುತ್ತದೆ, ನಿಜ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ಅದನ್ನು ಹೊದೆದವರು ಬೆವರಿನಲ್ಲಿ ಎದ್ದು ಕೂರುತ್ತಾರೆ ಎಂಬುದೂ ಅಷ್ಟೇ ನಿಜ.

ಹಾಸಿದ್ದನ್ನು ಸುತ್ತಿದ ಮೇಲೆ ಎಲ್ಲಿಡಬೇಕು? ನೆಲದ ಹಾಸಿಗೆಯ ಖೋಲಿ ಗೆಲ್ಲುವುದೂ ಸೋಲುವುದೂ ಈ ಪ್ರಶ್ನೆಯಲ್ಲಿ. ನಗರದ ಒಳಾಂಗಣ ವಿನ್ಯಾಸಕರ ಉತ್ತರ ಸಿದ್ಧವಾಗಿರುತ್ತದೆ: ಮಂಚದ ಕೆಳಗೆ ಪೆಟ್ಟಿಗೆ. ಮಲಪ್ರಭೆಯ ದಂಡೆಯವರು ಈ ಸಲಹೆ ಕೇಳಬಾರದು. 2019ರ ಆಗಸ್ಟಿನಲ್ಲಿ ಸವದತ್ತಿ ಕಡೆಯ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಊರಿಗೆ ನುಗ್ಗಿ ಗುಡಿಗಳ ಆವರಣವೂ ತುಂಬಿತ್ತು. ನೀರು ಮೊದಲು ಹುಡುಕುವುದು ಮಂಚದ ಕೆಳಗಿನ ಪೆಟ್ಟಿಗೆಯನ್ನೇ. ಹತ್ತಿಯ ಗಾದಿ ಒಮ್ಮೆ ರಾಡಿನೀರು ಕುಡಿದರೆ ಮತ್ತೆ ಗಾದಿಯಾಗುವುದಿಲ್ಲ. ಇಲ್ಲಿ ಸಾಮಾನು ಮೇಲಕ್ಕೆ ಹೋಗಬೇಕು. ಬಾಗಿಲ ನೆತ್ತಿಯ ಮಟ್ಟದಲ್ಲಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಎರಡಡಿ ಅಗಲದ ಅಟ್ಟ ಇದ್ದರೆ ಇಡೀ ಮನೆಯ ಹೆಚ್ಚುವರಿ ಹಾಸಿಗೆ ಅಲ್ಲಿ ಕೂರುತ್ತದೆ. ಹತ್ತಡಿ ಉದ್ದ, ಎರಡಡಿ ಅಗಲ ಎಂದರೆ ಇಪ್ಪತ್ತು ಚದರಡಿ ಜಾಗ ಪುಕ್ಕಟೆ ಸಿಕ್ಕಂತೆ. ದಿನದ ಬಳಕೆಯ ಎರಡು ಗಾದಿ ಮಾತ್ರ ಕಟ್ಟೆಯ ಮೇಲಿರಲಿ, ಸುತ್ತಿ ಗೋಡೆಗೆ ಒರಗಿಸಿದರೆ ಅವೇ ಲೋಡು. ಕರೆಂಟಿನ ಪ್ಲಗ್ಗನ್ನೂ ಮೊಳಕಾಲ ಮಟ್ಟದಲ್ಲಿ ಹಾಕಿಸದೆ ಎದೆಮಟ್ಟಕ್ಕೆ ಏರಿಸಬೇಕು. ಪ್ರವಾಹಕ್ಕೂ ಒಳ್ಳೆಯದು, ತೆವಳುವ ಕೂಸಿಗೂ ಒಳ್ಳೆಯದು, ಮೊಬೈಲು ಚಾರ್ಜಿಗೆ ಬಗ್ಗುವ ಕೆಲಸವೂ ತಪ್ಪಿತು.

ಹಳೆಯ ಮನೆಯ ಗೋಡೆಗಳೇ ಅರ್ಧ ಕಪಾಟು. ಎರಡಡಿ ದಪ್ಪದ ಕಲ್ಲುಗೋಡೆಯಲ್ಲಿ ಬಿಟ್ಟ ಮಾಡಗಳು ದೀಪಕ್ಕೆ, ಚೊಂಬಿಗೆ, ಕನ್ನಡಕಕ್ಕೆ; ಗಿಳಿಗೂಟಗಳು ಅಂಗಿಗೆ, ಚೀಲಕ್ಕೆ; ಮೇಲಿನಿಂದ ಇಳಿಬಿಟ್ಟ ಗಳ ಸೀರೆ ಧೋತರಕ್ಕೆ. ದುರಸ್ತಿಯ ಹೆಸರಿನಲ್ಲಿ ಈ ಮಾಡಗಳನ್ನು ಸಿಮೆಂಟು ಬಡಿದು ಮುಚ್ಚಿ, ಆಮೇಲೆ ಅಲ್ಲೇ ಪ್ಲಾಸ್ಟಿಕ್ ರ್ಯಾಕು ತಂದು ನಿಲ್ಲಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದರ ಬದಿಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಕಳೆದ ಶತಮಾನದ ಆರಂಭದಲ್ಲಿ ವಿಲಿಯಂ ಮರ್ಫಿ ಪ್ರಚಾರಕ್ಕೆ ತಂದ, ಗೋಡೆಗೆ ಮಡಿಚಿಕೊಳ್ಳುವ ಮಂಚ ಈಗ ನಮ್ಮ ಊರುಗಳ ಫರ್ನಿಚರ್ ಅಂಗಡಿಗೂ ಬಂದಿದೆ. ಹತ್ತಡಿ ಖೋಲಿಗೆ ಹೇಳಿಮಾಡಿಸಿದ್ದು ಎನಿಸುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ ಅದರ ಬೋಲ್ಟನ್ನು ಹಿಡಿದುಕೊಳ್ಳುವುದಿಲ್ಲ. ಇಟ್ಟಿಗೆ, ಸಿಮೆಂಟಿನ ಹೊಸ ಮನೆಯವರು ಬೇಕಾದರೆ ನೋಡಲಿ.

ಸೆಕೆಗೆ ಏನು ಮಾಡುವುದು? ಒಣ ಬಿಸಿಲಿನ ಸೀಮೆಯಲ್ಲಿ ಕಿಟಕಿಯ ತೆರಪು ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕೆಂಬುದು ಕಟ್ಟಡ ಸಂಹಿತೆಯ ಲೆಕ್ಕ. ಹತ್ತಡಿ ಖೋಲಿಗೆ ಹತ್ತು ಚದರಡಿ, ಅಂದರೆ ಸುಮಾರು ಮೂರೂಕಾಲಡಿ ಚೌಕದ ಒಂದು ಕಿಟಕಿ. ಒಂದರ ಬದಲು ಎದುರುಬದುರು ಎರಡು ಸಣ್ಣವು ಇದ್ದರೆ ಗಾಳಿ ಹಾಯುತ್ತದೆ. ಮಣ್ಣಿನ ಮಾಳಿಗೆ ಇರುವವರು ಪುಣ್ಯವಂತರು. ತೊಲೆ, ಜಂತಿಯ ಮೇಲಿನ ಆ ದಪ್ಪ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಇಳಿಸುವುದೇ ಇಲ್ಲ. ಪತ್ರಾಸಿನ ಖೋಲಿಯಲ್ಲಿ ಮಧ್ಯಾಹ್ನ ಕೂರಲಾಗದು, ಆರ್‌ಸಿಸಿಯಲ್ಲಿ ನಡುರಾತ್ರಿವರೆಗೆ ಮಲಗಲಾಗದು. ಚಾವಣಿಗೆ ಬೇಸಿಗೆಗೆ ಮುಂಚೆ ಸುಣ್ಣ ಬಳಿಯುವುದು ಅಗ್ಗದ ಉಪಾಯ, ಫಲವೂ ಕಣ್ಣಿಗೆ ಕಾಣುತ್ತದೆ.

ಗುಳೇದಗುಡ್ಡ, ಇಳಕಲ್ಲಿನ ನೇಕಾರರ ಮನೆಗಳಲ್ಲಿ ಕದಲದ ಸಾಮಾನು ಯಾವುದೆಂಬ ಆಯ್ಕೆಯೇ ಇಲ್ಲ. ಅದು ಮಗ್ಗ. ಕುಣಿಮಗ್ಗವಂತೂ ನೆಲದೊಳಕ್ಕೇ ಇಳಿದಿರುತ್ತದೆ. ಖಣವೋ ಸೀರೆಯೋ, ಹೊಕ್ಕು ನಿಂತರೆ ಅನ್ನ ನಿಂತಂತೆ. ಆದ್ದರಿಂದ ನೆಂಟರು ಮಗ್ಗದ ಸುತ್ತ ಹೊಂದಿಕೊಳ್ಳುತ್ತಾರೆ. ಇಂಥ ಖೋಲಿಯಲ್ಲಿ ಮುಖ್ಯವಾದುದು ಎರಡು. ಕುಣಿಗೆ ಹಲಗೆಯ ಮುಚ್ಚಳ ಇರಲೇಬೇಕು, ಕತ್ತಲಲ್ಲಿ ಎದ್ದ ಹೊಸಬರು ಕಾಲಿಟ್ಟರೆ ಮೂಳೆ ಮುರಿದೀತು. ಇನ್ನೊಂದು, ಹಾಸಿದ ನೂಲಿಗೆ ಹಳೆಯ ಸೀರೆಯ ಹೊದಿಕೆ, ಮಕ್ಕಳ ಕೈ ಸುಮ್ಮನಿರುವುದಿಲ್ಲವಲ್ಲ. ಹಗಲು ಹೊತ್ತು ಮಗ್ಗದ ಸದ್ದಿನಲ್ಲಿ ನೆಂಟರಿಗೆ ನಿದ್ದೆ ಇಲ್ಲ. ಅದಕ್ಕೆ ಮದ್ದೂ ಇಲ್ಲ.

ಬಾಗಲಕೋಟೆಯ ನವನಗರದವರ ಕಥೆ ಬೇರೆ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ಮುಳುಗಿಸಿದಾಗ ಅಂಕಣದ ಮನೆ ಬಿಟ್ಟು ಅಳೆದು ಕೊಟ್ಟ ನಿವೇಶನಗಳಿಗೆ ಬಂದವರು ಅವರು. ಜಾಗಕ್ಕೆ ತಕ್ಕಂತೆ ಹಾಲು, ಬೆಡ್‌ರೂಮು, ಕಿಚನ್ನು ಎಂದು ಹಂಚಿಕೊಂಡರು. ಪಡಸಾಲೆ ಮಾತ್ರ ಹಂಚಿಕೆಯಲ್ಲಿ ಬಿಟ್ಟುಹೋಯಿತು. ಹಾಲಿನಲ್ಲಿ ಟಿವಿ ಇದೆ, ಸೋಫಾ ಇದೆ, ಮಲಗಲು ನೆಲವಿಲ್ಲ. ಅಲ್ಲಿ ಗೆಸ್ಟ್ ರೂಮು ಎಂದು ಒಂದನ್ನು ಬೀಗ ಹಾಕಿಟ್ಟವರಿಗಿಂತ ಸೋಫಾ ತೆಗೆದು ಗೋಡೆಗುಂಟ ಅಗಲ ಬೆಂಚು ಹಾಕಿಸಿದವರೇ ಜಾಣರು.

ದುಡ್ಡು ಕೊಡುವ ಅತಿಥಿ ಬಂದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬಾದಾಮಿ 22 ಕಿಲೋಮೀಟರ್ ದೂರ. ಬೆಳಗಿನ ಎಳೆಬಿಸಿಲಿನಲ್ಲಿ ವಿರೂಪಾಕ್ಷ ಗುಡಿಯ ಕೆತ್ತನೆ ನೋಡಬೇಕೆನ್ನುವವರಿಗೆ ಊರಲ್ಲೇ ಒಂದು ರಾತ್ರಿ ಉಳಿಯುವ ಆಸೆ ಇರುತ್ತದೆ. ಹಾಗೆ ಬಾಡಿಗೆಗೆ ಇರಿಸಿಕೊಳ್ಳುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ನೋಂದಣಿ ಆಗಬೇಕು. ವಿದೇಶದವರು ಉಳಿದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ಮಾಹಿತಿ ಹೋಗಬೇಕು. ಖೋಲಿಯ ಮಟ್ಟಿಗೆ ಅವರು ಕೇಳುವುದು ಕಡಿಮೆ. ಒಳಗಿನಿಂದ ಹಾಕುವ ಚಿಲಕ, ಬಟ್ಟೆಗೆ ಗೂಟ, ಒಂದು ಕನ್ನಡಿ, ತಲೆದಿಂಬಿನ ಹತ್ತಿರ ದೀಪದ ಸ್ವಿಚ್ಚು, ಸೊಳ್ಳೆಪರದೆಗೆ ನಾಲ್ಕು ಮೊಳೆ, ಚೊಕ್ಕ ಪಾಯಖಾನೆ. ಬೀಗರಿಗೆ ಬಾಗಿಲಿಲ್ಲದ ಖೋಲಿ ನಡೆದೀತು. ‘ಬರ್ರಿ, ಕೈಕಾಲು ತೊಳಕೊಳ್ರಿ, ರೊಟ್ಟಿ ತಿನ್ನಾಕ ಕೂಡ್ರಿ’ ಎಂದರೆ ಅವರು ಮನೆಯವರೇ ಆದರು. ಅಪರಿಚಿತರಿಗೆ ಚಿಲಕವೇ ಮೊದಲ ಉಪಚಾರ. ದಾರಿ ಕಾಣುವ ತಲಬಾಗಿಲ ಪಕ್ಕದ ಖೋಲಿಯನ್ನೇ ಇದಕ್ಕೆ ಬಿಡುವುದು ಒಳ್ಳೆಯದು. ಪ್ರವಾಸಿ ಹೊತ್ತಿಗೆ ಮುಂಚೆ ಎದ್ದು ಹೋಗಬಹುದು, ನಾಟಕ ನೋಡಿ ಬಂದ ಅಳಿಯ ಮನೆಮಂದಿಯನ್ನು ದಾಟದೆ ಮಲಗಬಹುದು.

ಖೋಲಿಗೆ ಏನಾದರೂ ಕೊಳ್ಳುವುದಿದ್ದರೆ ಬನಶಂಕರಿ ಜಾತ್ರೆಗಿಂತ ಒಳ್ಳೆಯ ಪೇಟೆ ಈ ಸೀಮೆಯಲ್ಲಿಲ್ಲ. ಮನೆಯ ಬಾಗಿಲು, ಚೌಕಟ್ಟುಗಳನ್ನು ಕೊಳ್ಳಲೆಂದೇ ಜನ ಅಲ್ಲಿಗೆ ಬರುತ್ತಾರೆ. ಮರದ ಸಾಮಾನು ಸಾಲುಸಾಲಾಗಿ ನಿಂತಿರುತ್ತದೆ. ಹೋಗುವಾಗ ಖೋಲಿಯ ಅಳತೆ, ಬಾಗಿಲ ಅಗಲ, ಮಾಳಿಗೆಯ ಮೆಟ್ಟಿಲಿನ ತಿರುವು ಮೂರನ್ನೂ ಚೀಟಿಯಲ್ಲಿ ಬರೆದುಕೊಂಡಿರಿ. ಅಂಗಡಿಯವರು ಹೊಳಪಿನ ಒಂಟಿ ಕದವನ್ನೇ ಮುಂದೆ ಮಾಡಿಯಾರು. ನೀವು ಹಳೆಯ ಮಾದರಿಯ ಜೋಡಿಕದ ಕೇಳಿ. ಮೂರಡಿಯ ಒಂಟಿ ಕದ ಏಳು ಚದರಡಿ ನೆಲ ಬಳಸಿದರೆ, ಒಂದೂವರೆ ಅಡಿಯ ಎರಡು ಕದಗಳು ಕೂಡಿ ಬಳಸುವುದು ಮೂರೂವರೆ. ಉಳಿದ ಮೂರೂವರೆ ಚದರಡಿಯಲ್ಲಿ ನೆಂಟರ ಎರಡು ಸೂಟ್‌ಕೇಸು ನಿಲ್ಲುತ್ತವೆ.